ಅಕ್ಕನಿಗೆ ಎಡ-ಬಲ ತಕ್ಷಣ ಹೊಳೆಯುವುದಿಲ್ಲ, ಕಾರು ಕಲಿಸುವುದು ಹೇಗೆ?

ಕೇಳಿದವರು, ಶಿವಮೊಗ್ಗ

ನಮ್ಮಕ್ಕನಿಗೆ 41 ವರ್ಷ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ ನಾಲ್ಕು ತಿಂಗಳಾಯ್ತು, ಅದರ ಅವಧಿ ಇನ್ನು ಎರಡೇ ತಿಂಗಳು ಉಳಿದಿದೆ. ಕ್ಲಚ್, ಗೇರ್ ಎಲ್ಲ ಕೈಗೆ ಹತ್ತಿದೆ. ಆದರೆ "ಲೆಫ್ಟ್ ತಗೊಳ್ಳಿ" ಅಂದ ತಕ್ಷಣ ತಡವರಿಸಿ ಬಲಕ್ಕೆ ಎಳೆದುಬಿಡ್ತಾಳೆ. ಹೋದ ವಾರ ಸರ್ಕಲ್‌ನಲ್ಲಿ ಹೀಗಾದಾಗ ಕಲಿಸುವವರು "ಸ್ಕೂಲಿಗೆ ಹೋಗಿದ್ರೋ ಇಲ್ವೋ" ಅಂತ ಎಲ್ಲರಿಗೂ ಕೇಳೋ ಹಾಗೆ ಅಂದರು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡ್ತಾಳೆ, ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡಿದವಳಲ್ಲ. ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಮನೆ ಕಾರಲ್ಲಿ ನಾನೇ ಹೇಳಿಕೊಡೋಣ ಅಂತಿದ್ದೀನಿ. ಇಂಥವರಿಗೆ ಕಲಿಸಿದವರು, ತಾವೇ ಹೀಗಿದ್ದು ಕಲಿತವರು ಇದ್ದರೆ ದಯವಿಟ್ಟು ತಿಳಿಸಿ.

ಡ್ರೈವಿಂಗ್ ಕಲಿಸುವವಳು, ದಾವಣಗೆರೆ

ಹದಿನಾರು ವರ್ಷದಿಂದ ಕಲಿಸ್ತಿದ್ದೀನಿ, ಹೆಚ್ಚಾಗಿ ಹೆಂಗಸರಿಗೆ. ಪ್ರತಿ ವರ್ಷ ನಿಮ್ಮಕ್ಕನಂಥವರು ಕೆಲವರಾದರೂ ಬರ್ತಾರೆ. ಮೊದಲು ಅವರಿಗೆ ಒಂದು ಮಾತು ಹೇಳಿ: ಅವರಿಗೆ ಯಾವ ಬದಿ ಅನ್ನೋದು ಗೊತ್ತು. ಬದಿಯ ಹೆಸರು ಮಾತ್ರ ತಡವಾಗಿ ಬರುತ್ತೆ. ಅವರು ಯಾವತ್ತಾದರೂ ರಸ್ತೆಯ ತಪ್ಪು ಬದಿಯಲ್ಲಿ ಓಡಿಸಿದ್ದಾರಾ? "ದೇವಸ್ಥಾನ ಎಲ್ಲಿದೆ" ಅಂತ ಕೇಳಿದರೆ ಕೈ ತೋರಿಸೋಕೆ ತಪ್ತಾರಾ? ಇಲ್ಲ ಅಲ್ವಾ. ಹಾಗಾದರೆ ಎಡ-ಬಲ ಅನ್ನೋ ಪದಗಳನ್ನ ಸದ್ಯಕ್ಕೆ ಪಕ್ಕಕ್ಕಿಡಿ.

ನಾನು ಹೇಳೋದು "ನನ್ನ ಕಡೆ", "ನಿಮ್ಮ ಕಡೆ" ಅಂತ. ನಮ್ಮಲ್ಲಿ ಓಡಿಸುವವರು ಬಲಗಡೆ, ಕಲಿಸುವವರು ಎಡಗಡೆ ಕೂತಿರ್ತಾರೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಯೋಚಿಸಬೇಕಾಗಿಲ್ಲ, ಮೈಗೇ ಗೊತ್ತಿರುತ್ತೆ. ಜೊತೆಗೆ ಕಣ್ಣಿಗೆ ಕಾಣೋ ಗುರುತು ಹೇಳಿ: "ಆ ಮೆಡಿಕಲ್ ಶಾಪ್ ಪಕ್ಕದ ರಸ್ತೆ, ನನ್ನ ಕಡೆ." ಇಷ್ಟಕ್ಕೇ ಅರ್ಧ ತಪ್ಪು ನಿಂತುಹೋಗೋದನ್ನ ಎಷ್ಟೋ ಸಲ ನೋಡಿದ್ದೀನಿ.

ಎರಡನೇದು, ಮೊದಲೇ ಹೇಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಎಂಟು ಮೀಟರ್‌ಗಿಂತ ಹೆಚ್ಚು ಓಡುತ್ತೆ. ಮಾತು ಕೇಳಿ ಬದಿ ಹೊಳೆಯೋಕೆ ಎರಡು ಸೆಕೆಂಡ್ ಬೇಕಾದರೆ ಅಷ್ಟರಲ್ಲಿ 16 ಮೀಟರ್ ಮುಂದೆ ಹೋಗಿರ್ತಾರೆ, ಅಂದರೆ ತಿರುವಿನ ಬಾಯಲ್ಲೇ ಇರ್ತಾರೆ. ಅಲ್ಲಿ ಕಿರುಚಿದರೆ ಕೈ ಯಾವ ಕಡೆಗಾದರೂ ಹೋಗುತ್ತೆ. ನೂರು ಮೀಟರ್ ಇರುವಾಗಲೇ ಹೇಳಿ ಸುಮ್ಮನಾಗಿ. ಅವರು ಕನ್ನಡಿ ನೋಡಲಿ, ಇಂಡಿಕೇಟರ್ ಹಾಕಲಿ. ಇಂಡಿಕೇಟರ್ ತಪ್ಪಾಗಿ ಬಿದ್ದರೆ ಸರಿ ಮಾಡೋಕೆ ಇನ್ನೂ ಸಮಯ ಇರುತ್ತೆ.

ಇಂಡಿಕೇಟರ್‌ಗೂ ಎಡ-ಬಲ ಬೇಕಿಲ್ಲ. ಸ್ಟಿಯರಿಂಗ್ ಯಾವ ಕಡೆಗೆ ಸುತ್ತಬೇಕೋ ಲಿವರನ್ನೂ ಆ ಕಡೆಗೇ ಸುತ್ತಿದ ಹಾಗೆ ತಳ್ಳಿದರೆ ಆಯ್ತು. ಮಾರುತಿ, ಹ್ಯುಂಡೈ ಕಾರುಗಳಲ್ಲಿ ಲಿವರ್ ಸ್ಟಿಯರಿಂಗಿನ ಬಲಗಡೆ ಇರುತ್ತೆ, ಕೆಳಗೆ ಒತ್ತಿದರೆ ಬಲ ಇಂಡಿಕೇಟರ್. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಎಡಗಡೆ ಇರೋದರಿಂದ ಮೇಲೆತ್ತಿದರೆ ಬಲ. ಸುತ್ತೋ ದಿಕ್ಕು ಮಾತ್ರ ಎರಡರಲ್ಲೂ ಒಂದೇ. "ಮೇಲೆ, ಕೆಳಗೆ" ಅಂತ ಬಾಯಿಪಾಠ ಮಾಡಿಸಬೇಡಿ, ಕಾರು ಬದಲಾದ ದಿನ ಮತ್ತೆ ಗೊಂದಲ ಶುರುವಾಗುತ್ತೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ನಾವು ಮಾತಿಗೊಮ್ಮೆ "ರೈಟ್, ರೈಟ್, ಹಂಗೇ ಹೋಗಿ" ಅಂತೀವಿ. ಕಂಡಕ್ಟರ್ "ರೈಟ್" ಅಂದರೆ ಬಸ್ ಹೊರಡಲಿ ಅಂತ. ನಾನು ಕಲಿಸೋಕೆ ಶುರು ಮಾಡಿದ ಹೊಸತರಲ್ಲಿ ಒಬ್ಬರು ಚೆನ್ನಾಗಿ ಓಡಿಸ್ತಿದ್ದಾರೆ ಅಂತ ಮೆಚ್ಚಿ "ರೈಟ್" ಅಂದೆ, ಅವರು ಸೀದಾ ಬಲಕ್ಕೆ ತಿರುಗಿಸಿದರು. ಎದುರಿಗೆ ಟ್ರ್ಯಾಕ್ಟರ್ ಬರ್ತಿತ್ತು. ನನ್ನ ಕಾಲ ಹತ್ತಿರ ಇನ್ನೊಂದು ಬ್ರೇಕ್ ಇದ್ದಿದ್ದಕ್ಕೆ ಉಳಿದ್ವಿ. ತಪ್ಪು ನನ್ನದೇ. ಅವತ್ತಿನಿಂದ ಕಾರೊಳಗೆ "ಸರಿ" ಅಂತ ಬಿಟ್ಟು ಬೇರೆ ಮಾತು ಬಳಸಿಲ್ಲ.

ಮನೆ ಕಾರಲ್ಲಿ ಆ ಎರಡನೇ ಬ್ರೇಕ್ ಇರಲ್ಲ, ಮರೀಬೇಡಿ. ಖಾಲಿ ಮೈದಾನದಲ್ಲಿ, ಬಡಾವಣೆಯ ಅಗಲ ರಸ್ತೆಯಲ್ಲಿ ನೀವು ಕಲಿಸಿ. ಲೈಸೆನ್ಸ್ ಇರೋ ನೀವೇ ಪಕ್ಕದಲ್ಲಿ ಕೂರಬೇಕು, ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು. ಸರ್ಕಲ್ ಮಾತ್ರ ಡಬಲ್ ಕಂಟ್ರೋಲ್ ಕಾರಲ್ಲಿ, ಅಂದರೆ ಕಲಿಸುವವರ ಕಾಲಿಗೂ ಬ್ರೇಕ್ ಇರೋ ಕಾರಲ್ಲಿ, ತಾಳ್ಮೆ ಇರೋ ಬೇರೆಯವರ ಹತ್ತಿರ ಕಲಿಸಿ. ಅವಮಾನ ಮಾಡಿದವರ ಪಕ್ಕದಲ್ಲಿ ಮತ್ತೆ ಕೂರಿಸಬೇಡಿ.

ಲಾರಿ ಮನೆತನ, ಹುಬ್ಬಳ್ಳಿ

ಮ್ಯಾಡಮ್ಮಾರ ಹೇಳಿದ್ದು ಖರೇ ಐತಿ. ನಮ್ಮಪ್ಪ ಲಾರಿ ಓಡಸ್ತಿದ್ದ. ಅವರೊಳಗ ಎಡ ಬಲ ಅನ್ನೂದ ಕೇಳಿಲ್ಲ ನಾ. "ಕ್ಲೀನರ್ ಸೈಡ್ ಬೈಕ್ ಬಂತ ನೋಡ", "ಡ್ರೈವರ್ ಸೈಡ್ ಖಾಲಿ ಐತಿ", ಇಷ್ಟ. ನಮ್ಮ ತಂಗಿಗೂ ಇದ ತ್ರಾಸ ಇತ್ತು, ಅಪ್ಪನ ಮಾತಿನ್ಯಾಗ ಕಲಿಸಿದ ಮ್ಯಾಲೆ ಎಂಟ ದಿನದಾಗ ಹಳಿಗೆ ಬಂದ್ಲು. ಹೊಲದಾಗ ಎತ್ತಿಗೂ ಹಂಗ ಅಲ್ಲೇನ್ರಿ, ಎಡಗೋಲಿಗೆ ಹೂಡಿದ್ದು ಎಡಗೋಲಿಗೇ, ಬಲಗೋಲಿಂದು ಬಲಗೋಲಿಗೇ. ಜಾಗಾ ರೂಢಿ ಆದ್ರ ಹೆಸರು ತಾನ ಬರತೈತಿ.

ಆಸ್ಪತ್ರೆ ನರ್ಸ್, ಮಂಗಳೂರು

ನನಗೆ ಈಗಲೂ ಹೀಗೆಯೇ ಆಗುತ್ತದೆ, ಆದರೂ ಒಂಬತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ನಿಮ್ಮ ಅಕ್ಕನಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ನಮ್ಮ ಕೆಲಸದಲ್ಲಿ ರೋಗಿಯ ಎದುರು ನಿಂತರೆ ಅವರ ಬಲಗೈ ನನ್ನ ಎಡಕ್ಕಿರುತ್ತದೆ. ಇಲ್ಲಿ ಎಷ್ಟು ಓದಿದವರೂ ತಪ್ಪುತ್ತಾರೆ. ಅದಕ್ಕೇ ಆಪರೇಷನ್‌ಗೆ ಮೊದಲು ಸರಿಯಾದ ಬದಿಗೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲೂ ಗುರುತು ಹಾಕಿದ್ದಾರೆಯೇ ಎಂದು ಕೇಳುವ ಸಾಲು ಇದೆ. ದೊಡ್ಡ ಸರ್ಜನ್‌ಗಳೇ ಗುರುತು ನೋಡಿ ಮುಂದುವರಿಯುವಾಗ ನಾವು ಗುರುತು ಇಟ್ಟುಕೊಳ್ಳಲು ಯಾಕೆ ನಾಚಬೇಕು?

ನಾನು ಮೊದಲು ಡ್ಯಾಶ್‌ಬೋರ್ಡಿನ ಮೇಲೆ "ಎ", "ಬ" ಎಂದು ಸ್ಟಿಕ್ಕರ್ ಅಂಟಿಸಿದೆ. ಅದು ಒಳ್ಳೆಯದಲ್ಲ, ಪ್ರತಿ ಸಲ ರಸ್ತೆಯಿಂದ ಕಣ್ಣು ಕೆಳಗೆ ಬರುತ್ತದೆ. ನೋಡದೆ ಗೊತ್ತಾಗುವಂಥದ್ದು ಬೇಕು. ಎಡಗೈಗೆ ಸ್ವಲ್ಪ ಬಿಗಿಯಾಗಿ ವಾಚ್ ಕಟ್ಟಿಕೊಂಡೆ. ಬಲಕ್ಕೆ ಅಮ್ಮ ಹೇಳಿದ್ದೇ ಸಾಕಾಯಿತು: ಊಟದ ಕೈ. "ಬರೆಯುವ ಕೈ" ಎಂದರೆ ಎಡಗೈಯಲ್ಲಿ ಬರೆಯುವವರಿಗೆ ಉಲ್ಟಾ ಆಗುತ್ತದೆ. ನಾನೂ ಎಡಗೈಯಲ್ಲೇ ಬರೆಯುವುದು, ಆದರೆ ಊಟ ಬಲಗೈಯಲ್ಲೇ ಅಭ್ಯಾಸ ಮಾಡಿಸಿದ್ದರು. ಅಕ್ಕನ ಅಭ್ಯಾಸ ಕೇಳಿಯೇ ಗುರುತು ಆರಿಸಿ.

ಮ್ಯಾಪಿನ ದನಿಯನ್ನೂ ಕನ್ನಡಕ್ಕೆ ಬದಲಾಯಿಸಿ ನೋಡಿ. ನನಗೆ "ಎಡಕ್ಕೆ ತಿರುಗಿ" ಬೇಗ ತಾಗುತ್ತದೆ, ಲೆಫ್ಟ್ ಎಂದರೆ ಒಂದು ಮೆಟ್ಟಿಲು ಹೆಚ್ಚು ಹತ್ತಿದ ಹಾಗೆ.

ರೆಡಿಂಗ್, ಇಂಗ್ಲೆಂಡ್

ಇಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿ. ಟೆಸ್ಟಿನಲ್ಲಿ ಒಂದಷ್ಟು ಹೊತ್ತು ಸ್ಯಾಟ್‌ನ್ಯಾವ್ (ದಾರಿ ಹೇಳೋ ಸಾಧನ) ಅಥವಾ ರಸ್ತೆ ಫಲಕ ನೋಡಿಕೊಂಡು ನಾವೇ ಓಡಿಸಬೇಕು. ಹೇಳಿದ ದಾರಿ ಬಿಟ್ಟು ಬೇರೆ ಕಡೆ ತಿರುಗಿದರೆ ಅದೇ ಒಂದು ತಪ್ಪು ಅಂತ ಬರೆದುಕೊಳ್ಳಲ್ಲ, ಹಾಗೆ ಹೋಗುವಾಗ ಓಡಿಸೋದರಲ್ಲಿ ತಪ್ಪಿದರೆ ಮಾತ್ರ. ಇದು ಗೊತ್ತಾದ ದಿನ ನನ್ನ ಭಯ ಇಳಿಯಿತು. ಟೆಸ್ಟಿಗೆ ಮುಂಚೆ "ನನಗೆ ಎಡ-ಬಲ ಗೊಂದಲ ಇದೆ" ಅಂತ ಹೇಳಿಯೇ ಕೂತೆ. ತಪ್ಪು ರಸ್ತೆಗೆ ಹೋದೆ, ಸರಿಯಾಗಿ ಇಂಡಿಕೇಟರ್ ಹಾಕಿ ಹೋದೆ, ಪಾಸಾದೆ.

ನೀವೂ ಅಕ್ಕನಿಗೆ ಇಷ್ಟು ಮಾತು ಕೊಡಿ: ತಪ್ಪಿದರೆ ಆ ದಾರಿಯಲ್ಲೇ ಹೋಗೋಣ, ಸುತ್ತಿ ಬರೋಣ. ಅರ್ಧ ತಿರುಗಿಸಿ ವಾಪಸ್ ಎಳೆಯೋದೇ ನಿಜವಾದ ಅಪಾಯ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ನರ್ಸ್ ಅವರು ಬರೆದಿದ್ದನ್ನ ಎರಡು ಸಲ ಓದಿಸಿಕೊಂಡಳು. ಒಂದು ಅನುಮಾನ: ರಿವರ್ಸ್‌ನಲ್ಲಿ ಏನು ಹೇಳಬೇಕು? ಅಲ್ಲಿ ನನಗೇ ಗೊಂದಲ ಆಗುತ್ತೆ.

ಡ್ರೈವಿಂಗ್ ಕಲಿಸುವವಳು, ದಾವಣಗೆರೆ

ಡಿಕ್ಕಿ, ಅಂದರೆ ಕಾರಿನ ಹಿಂಭಾಗ, ಯಾವ ಕಡೆ ಹೋಗಬೇಕು ಅಂತ ಹೇಳಿ, ಸ್ಟಿಯರಿಂಗ್ ವಿಷಯ ಎತ್ತಬೇಡಿ. "ಡಿಕ್ಕಿ ಗೇಟಿನ ಕಡೆ", "ಡಿಕ್ಕಿ ತೆಂಗಿನಮರದ ಕಡೆ". ಸ್ಟಿಯರಿಂಗಿನ ಮೇಲ್ಭಾಗ ಯಾವ ಕಡೆ ಹೋಗುತ್ತೋ ಡಿಕ್ಕಿಯೂ ಆ ಕಡೆಗೇ ಹೋಗುತ್ತೆ, ಮೂತಿ ಮಾತ್ರ ಎದುರು ಬದಿಗೆ ಬೀಸುತ್ತೆ. ನಡೆಯೋ ವೇಗಕ್ಕಿಂತ ನಿಧಾನವಾಗಿ, ಕ್ಲಚ್ ಹಿಡಿತದಲ್ಲೇ ಓಡಿಸಲಿ.

ಎಡ-ಬಲ ಪದಗಳನ್ನ ಯಾವಾಗ ಮತ್ತೆ ತರಬೇಕು ಅಂತಲೂ ಹೇಳಿಬಿಡ್ತೀನಿ. ಎರಡು ವಾರ ಬಿಟ್ಟು ನೀವು "ನನ್ನ ಕಡೆ" ಅನ್ನಿ, ತಿರುಗಿಸ್ತಾ "ಎಡ" ಅಂತ ಅವರೇ ಬಾಯಿಬಿಟ್ಟು ಹೇಳಲಿ. ಹೆಸರು ಅವರ ಬಾಯಿಂದ ಬರಬೇಕು, ನಿಮ್ಮ ಬಾಯಿಂದಲ್ಲ. ಟೆಸ್ಟ್ ಹೊತ್ತಿಗೆ ಪದ ಕೇಳಿದರೂ ಕೈ ಹೋಗುತ್ತೆ.

ಕೇಳಿದವರು, ಶಿವಮೊಗ್ಗ

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿದ್ವಿ. ಒಂದು ಗಂಟೆಯಲ್ಲಿ "ನನ್ನ ಕಡೆ, ನಿನ್ನ ಕಡೆ" ಅಂತ ಇಪ್ಪತ್ತಕ್ಕೂ ಹೆಚ್ಚು ತಿರುವು. ಒಂದು ಸಲ ಮಾತ್ರ ತಪ್ಪಿದಳು, ಅದೂ ನಾನು ತಡವಾಗಿ ಹೇಳಿದ್ದಕ್ಕೆ. ವಾಪಸ್ ಎಳೆಯದೆ ಹಾಗೇ ಹೋಗಿ ಸುತ್ತಿ ಬಂದಳು. ನಾಲ್ಕೈದು ಸಲ ನನ್ನ ಬಾಯಿಗೇ "ರೈಟ್" ಬಂದಿತ್ತು, ನುಂಗಿಕೊಂಡೆ. ಬುಧವಾರದಿಂದ ಡಬಲ್ ಕಂಟ್ರೋಲ್ ಕಾರಿನಲ್ಲಿ ಬೇರೆಯವರ ಹತ್ತಿರ ಕಲಿಯೋಕೆ ಮಾತಾಡಿ ಬಂದಿದ್ದೀವಿ. ಟ್ರಾಫಿಕ್ ಏರೋ ಮುಂಚೆ ಬೆಳಿಗ್ಗೆ ಆರಕ್ಕೆ ಅದೇ ಸರ್ಕಲ್‌ಗೆ ಹೋಗ್ತೀನಿ ಅಂತ ಅಕ್ಕನೇ ಅವರಿಗೆ ಹೇಳಿದಳು.