ಪದಚರ್ಚೆ: ‘ಹೊಂದಾಣಿಕೆ’ಯಾ, ‘ಸರಿದೂಗಿಕೆ’ಯಾ?

ಗೆಳೆಯರೇ,

ನನ್ನ ಪಿಎಚ್.ಡಿ. ಪ್ರಬಂಧ ಇಂಗ್ಲಿಷಿನಲ್ಲಿದೆ. ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆಯೋಣ ಅಂತ ಕೂತವನು ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಇಷ್ಟು: ಮಳೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಆಗ ಬೀಳುವ ಕೊರತೆಯನ್ನು ಬೇಳೆಕಾಳಿನ ವ್ಯಾಪಾರ ಎಷ್ಟು ತುಂಬುತ್ತದೆ? ಇಲ್ಲಿ ‘ಅಡಾಪ್ಟೇಶನ್’ ಎನ್ನುವುದಕ್ಕೆ, ಅಂದರೆ ಹವಾಮಾನ ಬದಲಾದಾಗ ಅದಕ್ಕೆ ತಕ್ಕಂತೆ ಸಾವರಿಸಿಕೊಳ್ಳುವುದಕ್ಕೆ, ಪದ ಬೇಕು.

ಪತ್ರಿಕೆಗಳಲ್ಲಿ ಸಿಗುವುದು ‘ಹೊಂದಾಣಿಕೆ’. ‘ವ್ಯಾಪಾರದ ಮೂಲಕ ಹೊಂದಾಣಿಕೆ’ ಅಂತ ಬರೆದು ಮನೆಯಲ್ಲಿ ಓದಿದೆ. ಅಪ್ಪ ನಕ್ಕರು. “ಗಂಜ್‌ನಾಗ ಅಡತಿಯವ್ರು ಒಳಗಿಂದೊಳಗ ರೇಟ್ ಮಾಡ್ಕೋತಾರಲ್ಲ, ಅದರ ಮ್ಯಾಲ ಬರ್ದೀಯೇನು?” ಅಂದರು. (ಗಂಜ್ ಅಂದರೆ ಕಾಳಿನ ಮಾರುಕಟ್ಟೆ, ಅಡತಿಯವರು ಅಂದರೆ ಅಲ್ಲಿಯ ದಲ್ಲಾಳಿಗಳು.) ‘ಹೊಂದಾಣಿಕೆ ರಾಜಕಾರಣ’ ಅಂತ ದಿನಾ ಕೇಳಿ ಕೇಳಿ ಪದಕ್ಕೇ ಆ ವಾಸನೆ ಅಂಟಿದೆ, ಅಲ್ವಾ?

ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಹೊಂದಿಕೊಳ್ಳಲು ಒಬ್ಬ ಆಳು ಬೇಕು. ಮಳೆ ತಡವಾಯಿತೆಂದು ರೈತ ಹೆಸರುಕಾಳು ಬಿಟ್ಟು ತೊಗರಿ ಬಿತ್ತಿದರೆ ಅದು ಹೊಂದಿಕೊಂಡಿದ್ದು, ಸರಿ. ಆದರೆ 2014, 2015 ಎರಡೂ ವರ್ಷ ಮಳೆ ಕೈಕೊಟ್ಟು, ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತಲ್ಲ? 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್ ಬೇಳೆಕಾಳು, ಐದನೇ ವರ್ಷಕ್ಕೆ 2 ಲಕ್ಷ ಟನ್ ತರಿಸುವುದು ಅಂತ. ಅಲ್ಲಿ ಮಳೆಗಾಲ ಶುರುವಾಗುವುದು ನವೆಂಬರ್ ಸುಮಾರಿಗೆ, ತೊಗರಿ ಕೈಗೆ ಬರುವುದು ಆಗಸ್ಟ್ ಹೊತ್ತಿಗೆ. ನಮ್ಮ ಕಲಬುರಗಿ ಕಡೆ ರಾಶಿ ಡಿಸೆಂಬರ್, ಜನವರಿಗೆ. ಹಾಗಾಗಿ ನಮ್ಮ ದಾಸ್ತಾನು ತಳ ಕಾಣುವಾಗ ಅಲ್ಲಿಯ ಮಾಲು ಹಡಗು ಹತ್ತುತ್ತದೆ. ಇದರಲ್ಲಿ ಹೊಂದಿಕೊಂಡವರು ಯಾರು? ಮೊಜಾಂಬಿಕ್ ರೈತನಾ, ದಾಲ್ ಮಿಲ್ಲಿನವನಾ, ಸಾರು ಮಾಡುವ ನಾವಾ? ಯಾರೂ ಅಲ್ಲ. ಇಲ್ಲಿ ಕಡಿಮೆ ಬಿದ್ದದ್ದಕ್ಕೆ ಅಲ್ಲಿ ಜಾಸ್ತಿ ಇದ್ದದ್ದು ಬಂತು, ಅಷ್ಟೇ.

ಅದಕ್ಕೇ ‘ಸರಿದೂಗಿಸು’ ಕಡೆಗೆ ಮನಸ್ಸು ಎಳೆಯುತ್ತಿದೆ. ‘ಸರಿ’ಗೆ ‘ತೂಗು’ ಸೇರಿ ಆದ ಪದ, ತಕ್ಕಡಿ ಅದರೊಳಗೇ ಇದೆ. ಅವ್ವ ತಿಂಗಳ ಖರ್ಚು ಸರಿದೂಗಿಸುವುದೂ ಇದೇ ಪದದಲ್ಲಿ. ನಾಮಪದ ಮಾಡಹೋದರೆ ‘ಸರಿದೂಗಿಸುವಿಕೆ’, ಮಾರುದ್ದ. ನಂಬು–ನಂಬಿಕೆ, ಬೇಡು–ಬೇಡಿಕೆ ಇದ್ದಂತೆ ‘ಸರಿದೂಗಿಕೆ’ ಅಂದರೆ ನಡೆಯುತ್ತದಾ? ಅಥವಾ ಅದು ಬರೀ ‘ನಷ್ಟ ತುಂಬಿಕೊಡುವುದು’ ಅನ್ನಿಸುತ್ತದಾ? ಗೈಡ್ ಮೇಡಂ ‘ಅನುಕೂಲನ’ ಹಾಕು ಅನ್ನುತ್ತಾರೆ. ನನಗೋ ಅದು ಅನುಕೂಲಸ್ಥರ ವ್ಯಾಪಾರದಂತೆ ಕೇಳಿಸುತ್ತದೆ. ‘ಒಗ್ಗಿಕೊಳ್ಳುವುದು’ ನೀರಿಗೆ, ಊರಿಗೆ ಸರಿ.

ಇನ್ನೊಂದು ಸಣ್ಣದು. ‘ಹವಾಮಾನ ವೈಪರೀತ್ಯ’ ಈಗ ಚಂಡಮಾರುತಕ್ಕೂ ಅದೇ, ಬಿಸಿಗಾಳಿಗೂ ಅದೇ. ನನಗೆ ಬೇಕಾದದ್ದು ವರ್ಷದಿಂದ ವರ್ಷಕ್ಕೆ ಆಗುವ ಸುಮ್ನೆ ಹೆಚ್ಚುಕಡಿಮೆ. ‘ಮಳೆಯ ಏರುಪೇರು’ ಅಂತ ಬರೆದಿದ್ದೇನೆ. ಅದನ್ನು ಬದಲಿಸುವ ಮನಸ್ಸಿಲ್ಲ.

ನಿಮ್ಮ ಕಡೆ ಊರಲ್ಲಿ ಬೆಳೆ ಹೋಗಿ ಪಕ್ಕದ ಸೀಮೆಯಿಂದ ಕಾಳು ತಂದರೆ ಅದಕ್ಕೆ ಏನಂತಾರೆ? ಹಳೆ ಮಾತಿದ್ದರೆ ಹೇಳಿ. ಹೊಸ ಪದ ಕಟ್ಟುವ ಕೆಲಸ ತಪ್ಪುತ್ತದೆ.