ಮಾಂಟಿಚೆಲ್ಲೋ ತೋಟ: ಮನೆ ಗುಂಪಿನಲ್ಲಿ ನಡೆದ ವಾದ

ನಾನು: [ವಿಡಿಯೋ] ಇವತ್ತು ಅಮೆರಿಕದ ವರ್ಜೀನಿಯಾ ರಾಜ್ಯದ ಮಾಂಟಿಚೆಲ್ಲೋಗೆ ಹೋಗಿದ್ವಿ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆ. ಬೆಟ್ಟದ ಇಳಿಜಾರು ಕಡಿದು ಮಾಡಿದ ತರಕಾರಿ ತೋಟ 1000 ಅಡಿ ಉದ್ದ ಇದೆ! ಅತ್ತೆ, ಕೊನೆಯಲ್ಲಿ ಚಪ್ಪರ ಬರುತ್ತೆ, ನೋಡಿ.

ಅತ್ತೆ: ಅಯ್ಯೋ, ಅದು ನಮ್ಮ ಚಪ್ಪರದವರೆ ಅಲ್ವೇನೇ? ಅದೇ ನೇರಳೆ ಹೂವು, ಅದೇ ಕಾಯಿ!

ದೊಡ್ಡಪ್ಪ: ತೋಟ ಬಹಳ ಚೆನ್ನಾಗಿದೆ. ಆದರೆ ಆ ಗೈಡ್ ಗುಲಾಮರ ಕಥೆಯನ್ನೇ ಜಾಸ್ತಿ ಹೇಳ್ತಾರಲ್ಲ, ಯಾಕೆ? ಗಿಡ ನೋಡಲು ಬಂದವರ ಮುಂದೆ 200 ವರ್ಷದ ಹಿಂದಿನದನ್ನು ಕೆದಕಬೇಕಾ?

ನಾನು: ಅವರನ್ನು ಬಿಟ್ಟರೆ ಹೇಳೋಕೆ ಏನು ಉಳಿಯುತ್ತೆ ದೊಡ್ಡಪ್ಪ? ಆ ನೆಲ ಅಗೆದು ಸಮ ಮಾಡಿದ್ದೇ ಬಾಡಿಗೆಗೆ ತಂದ ಗುಲಾಮರು. ಬಾಡಿಗೆ ಹೋಗಿದ್ದು ಅವರ ಒಡೆಯನಿಗೆ. ಅಲ್ಲಿ ಎಳ್ಳು ಕೂಡ ಬೆಳೆದಿದ್ದರು. ಆ ಬೀಜವನ್ನು ಅಮೆರಿಕದ ಜಾರ್ಜಿಯಾಗೆ ತಂದವರು ಆಫ್ರಿಕಾದವರು ಅಂತ ಜೆಫರ್ಸನ್ನೇ 1808ರ ಒಂದು ಪತ್ರದಲ್ಲಿ ಬರೆದಿದ್ದಾನೆ.

ದೊಡ್ಡಪ್ಪ: ಸರಿ, ಆದರೆ ಯೋಜನೆ ಯಾರದ್ದು? 1766ರಿಂದ 1824ರವರೆಗೆ ಯಾವ ಬೀಜ ಯಾವತ್ತು ಬಿತ್ತಿದರು ಅಂತ ಬರೆದಿಟ್ಟ ಮನುಷ್ಯ ಅವನು. ಆ ಬರಹ ಇಲ್ಲದಿದ್ದರೆ ತೋಟವನ್ನು ಮತ್ತೆ ಎಬ್ಬಿಸಲು ಆಗ್ತಿತ್ತಾ?

ನಾನು: ಅದು ನಿಜ. ಅಕ್ಕಪಕ್ಕ ಹೂಗಿಡಗಳಿದ್ದ ಹಳೆಯ ಕಾಲುದಾರಿಯನ್ನು ಹುಡುಕಿದ ಕಥೆ ನನಗೂ ತುಂಬಾ ಇಷ್ಟವಾಯ್ತು. 1939ರ ಹೊತ್ತಿಗೆ ಎಲ್ಲ ಬರೀ ಹುಲ್ಲು. ವರ್ಜೀನಿಯಾ ಗಾರ್ಡನ್ ಕ್ಲಬ್ಬಿನವರು ರಾತ್ರಿ ಕಾರಿನ ಹೆಡ್‌ಲೈಟನ್ನು ಹುಲ್ಲಿನ ಮೇಲೆ ಬಿಟ್ಟರಂತೆ. ನೆಲದ ಏರುತಗ್ಗಿನಲ್ಲಿ ಹಳೆಯ ದಾರಿಯ ಗುರುತು ಕಾಣಿಸಿತು. ದಾರಿಯನ್ನೇ ಇಷ್ಟು ಕಷ್ಟಪಟ್ಟು ಹುಡುಕಿದ ಮೇಲೆ, ಅದರ ಪಕ್ಕ ಗಿಡ ನೆಟ್ಟವನ ಹೆಸರು ಬೇಡವಾ? ವರ್ಮ್‌ಲಿ ಹ್ಯೂಸ್. ಜೆಫರ್ಸನ್ ಕಳಿಸಿದ ಬೀಜ, ಗೆಡ್ಡೆ ನೆಡುತ್ತಿದ್ದ ಗುಲಾಮ ತೋಟಗಾರ. 1826ರಲ್ಲಿ ಜೆಫರ್ಸನ್ ಸತ್ತಾಗ ಗುಂಡಿ ತೋಡಿದವನೂ ಅವನೇ. ಮುಂದಿನ ಜನವರಿಯಲ್ಲಿ ಜೆಫರ್ಸನ್ ಬಿಟ್ಟುಹೋದ ಸಾಲ ತೀರಿಸಲು 130 ಗುಲಾಮರನ್ನು ಹರಾಜಿಗೆ ಇಟ್ಟರು. ಅವನ ಹೆಂಡತಿ ಅರ್ಸುಲಾ, ಮಕ್ಕಳೂ ಅದರಲ್ಲಿದ್ದರು.

ಅತ್ತೆ: ಹೆಂಡತಿ ಮಕ್ಕಳನ್ನಾ? ಆ ಮನೆಯ ಹತ್ತಿರಾನೇ?

ನಾನು: ಹೌದು ಅತ್ತೆ. ಅಲ್ಲೇ.

ದೊಡ್ಡಪ್ಪ: ಕೇಳೋಕೇ ಸಂಕಟ ಆಗುತ್ತೆ. ಆದರೆ ಆಗಿನ ರೂಢಿ ಹಾಗಿತ್ತು. ಇವತ್ತಿನ ನ್ಯಾಯವನ್ನು ಅವತ್ತಿನವರಿಗೆ ಹಚ್ಚಬಾರದು.

ಚಿಕ್ಕಪ್ಪ: ಅಣ್ಣ, ಅವತ್ತಿನ ನ್ಯಾಯವೇ ಸಾಕು. ಒಡೆಯರು ಬಯಸಿದರೆ ಗುಲಾಮರನ್ನು ಬಿಡುಗಡೆ ಮಾಡಬಹುದು ಅಂತ ವರ್ಜೀನಿಯಾ 1782ರಲ್ಲೇ ಕಾನೂನು ಮಾಡಿತ್ತು. ಮೊದಲ ಅಧ್ಯಕ್ಷ ವಾಷಿಂಗ್ಟನ್ ತನ್ನ ಗುಲಾಮರ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದ. ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರಿಗೆ ಒಡೆಯನಾಗಿದ್ದವನು. ಉಯಿಲಿನಲ್ಲಿ ಬಿಟ್ಟದ್ದು ಐದು ಜನರನ್ನು. ಎಲ್ಲ ಮನುಷ್ಯರೂ ಸಮಾನ ಅಂತ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವನೂ ಅವನೇ.

ದೊಡ್ಡಪ್ಪ: ಅದು ತಪ್ಪೇ, ನಾನು ಅಲ್ಲ ಅನ್ನಲ್ಲ. ಅದಕ್ಕೆ ಬೇರೆ ಟೂರ್ ಇಡಲಿ. ತೋಟದಲ್ಲಿ ತೋಟದ ಮಾತು ಆಡಲಿ.

ನಾನು: ಬೇರೆ ಟೂರ್ ಇದೆ. ಆದರೆ ಜಾಗ ಒಂದೇ ಅಲ್ವಾ? ಗುಲಾಮರ ಗುಡಿಸಲುಗಳಿದ್ದ ಮಲ್ಬರಿ ರೋ ತರಕಾರಿ ತೋಟದ ಮೇಲ್ಗಡೆಯೇ ಇದೆ. ಅವರಿಗೂ ಸ್ವಂತ ಕೈತೋಟ ಇತ್ತು. ದಿನವಿಡೀ ಒಡೆಯನ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಸೌತೆಕಾಯಿ, ಎಲೆಕೋಸು ಬೆಳೆದು, ಕೋಳಿ ಸಾಕಿ, ದೊಡ್ಡ ಮನೆಗೇ ಮಾರುತ್ತಿದ್ದರು. 1805ರಿಂದ 1808ರವರೆಗಿನ ಲೆಕ್ಕ ಇದೆ, ಯಾರಿಂದ ಏನು ಕೊಂಡರು ಅಂತ ಹೆಸರು ಸಮೇತ. ಬರೆದವಳು ಜೆಫರ್ಸನ್‌ನ ಮೊಮ್ಮಗಳು ಆನ್. ಇದು ತೋಟದ ಮಾತಲ್ಲದೆ ಮತ್ತೇನು?

ಅತ್ತೆ: ಅಷ್ಟು ದೊಡ್ಡ ಮನೆಯವರು ಅವರ ಹತ್ತಿರ ಸೌತೆಕಾಯಿ ಕೊಳ್ತಿದ್ದರಾ!

ದೊಡ್ಡಪ್ಪ: ಆ ಲೆಕ್ಕದ ಪುಟ ಸಿಕ್ಕರೆ ಇಲ್ಲಿ ಹಾಕಮ್ಮ. ಮಲ್ಬರಿ ರೋ ವಿಡಿಯೋನೂ ಹಾಕು, ನೋಡ್ತೀನಿ. ಟೂರ್ ವಿಷಯದಲ್ಲಿ ಮಾತ್ರ ನಾನು ಇನ್ನೂ ಒಪ್ಪಿಲ್ಲ.