ಆಲಿಕಲ್ಲು ಬಿದ್ದ ಮೇಲೆ ಶೀಟು, ಸೋಲಾರ್: ವಿಮೆಗೆ ಏನು ತೋರಿಸಬೇಕು?

ಪ್ರಶ್ನೆ (ಗಂಗಾವತಿ): ನಿನ್ನೆ ಸಂಜೆ ಆಲಿಕಲ್ಲು ಜೋರಾಗಿ ಬಿತ್ತು. ಸಿಮೆಂಟ್ ಶೀಟಿನ ಮನೆ, ಮೇಲೆ ಟ್ಯೂಬ್ ಸೋಲಾರ್ ಹೀಟರ್. ಕೆಳಗಿಂದ ಎಲ್ಲ ನೆಟ್ಟಗೇ ಕಾಣುತ್ತೆ. ಭಾರತ್ ಗೃಹ ರಕ್ಷಾ ಅನ್ನೋ ಮನೆ ವಿಮೆ ಪಾಲಿಸಿ ಇದೆ. ಏನೇನು ನೋಡಬೇಕ್ರೀ?

ಉತ್ತರ 1: ಶೀಟಿನ ಮೇಲೆ ಕಾಲಿಡಲೇಬೇಡಿ, ಬಿರುಕು ಬಿಟ್ಟದ್ದು ಕುಸಿಯುತ್ತೆ. ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ ಒಳಗಿಂದ ಮೇಲೆ ನೋಡಿ. ಕೂದಲೆಳೆ ಸೀಳಿನಲ್ಲೂ ಬೆಳಕು ಇಣುಕಬಹುದು. ಬೋಲ್ಟ್ ತೂತಿನ ಸುತ್ತಲೂ ನೋಡಿ. ಹೊಸ ಬಿರುಕಿನ ಅಂಚು ತಿಳಿ ಬೂದು, ಹಳೆಯದರಲ್ಲಿ ಧೂಳು, ಪಾಚಿ ಕೂತು ಕಪ್ಪಾಗಿರುತ್ತೆ. ಸರ್ವೇಯರ್ (ವಿಮೆ ಕಂಪನಿ ಪರವಾಗಿ ಹಾನಿ ಅಳೆಯಲು ಬರುವವರು) ಇದನ್ನೂ ನೋಡುತ್ತಾರೆ.

ಟ್ಯೂಬಿನ ಕೆಳತುದಿಯಲ್ಲಿ ಬೆಳ್ಳಿ ಬಣ್ಣದ ಲೇಪನ ಇರುತ್ತೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗಿನ ನಿರ್ವಾತ (ಗಾಳಿ ತೆಗೆದ ಜಾಗ) ಹೋಗಿದೆ, ಗಾಜು ನೆಟ್ಟಗೆ ಕಂಡರೂ ಆ ಟ್ಯೂಬಿನಲ್ಲಿ ನೀರು ಸರಿಯಾಗಿ ಕಾಯುವುದಿಲ್ಲ.

ಉತ್ತರ 2: ಇವತ್ತೇ ವಿಮೆ ಕಂಪನಿಗೆ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಶೀಟು ಹತ್ತದೆ ಕೈಗೆಟಕುವ ಏಟಿನ ಪಕ್ಕ, ಗಾತ್ರ ತಿಳಿಯುವಂತೆ, ಒಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಜೊತೆಗೆ ಇಡೀ ಮನೆಯ ಒಂದು ಫೋಟೋ. ಒಡೆದ ಚೂರು ಎಸೆಯಬೇಡಿ. ಶೀಟು ತುಳಿಯದೆ ತಾಡಪಾಲು ಹೊದಿಸಿ, ಅದರ ರಸೀದಿ ಇಡಿ. ಸರ್ವೇಯರ್ ಬರುವ ಮುಂಚೆ ಶೀಟು ಬದಲಿಸಿದರೆ ಪುರಾವೆ ಹೋಯಿತು. ಮೇಸ್ತ್ರಿಯಿಂದ ಶೀಟಿನ ಅಳತೆ, ಎಣಿಕೆ, ಕೂಲಿ ಬೇರೆಬೇರೆಯಾಗಿ ಅಂದಾಜು ಬರೆಸಿ. ಸೋಲಾರ್ ಪಾಲಿಸಿಯಲ್ಲಿ ಸೇರಿದೆಯೋ ಈಗಲೇ ಓದಿ ನೋಡಿ.

ಉತ್ತರ 3: ಕ್ಲೇಮ್ ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್ (ವಿಮೆ ದೂರು ಬಗೆಹರಿಸುವ ಅಧಿಕಾರಿ) ಹತ್ತಿರ ಹೋಗಬಹುದು, ಶುಲ್ಕವಿಲ್ಲ.